ಸ್ಟೋರಿನ ಅಕ್ಕನ ಮೂರು ಡ್ರಾಯರ್

ಪರೀಕ್ಷೆ ಮಾಡದ ಚಿಪ್‌ಗಳನ್ನು ಡ್ರಾಯರಿಗೆ ಸುರಿದವನು ಇಂಜಿನಿಯರ್. ಅದಕ್ಕಾಗಿ ಕೆಲಸದ ಜಾಗ ಕಳೆದುಕೊಂಡವಳು ಸ್ಟೋರು ನೋಡಿಕೊಳ್ಳುತ್ತಿದ್ದ ಅಕ್ಕ. ಇವತ್ತು ಅವಳ ಅಂಗಳದಲ್ಲಿ, ಅವಳ ಹೆಣಕ್ಕೆ ಹೆಗಲು ಕೊಡಲೆಂದು ಅವನು ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದ.

"ಮುಂದಿನ ಕಡೆ ನಿಂತ್ಕೋ," ಎಂದು ಮ್ಯಾನೇಜರ್ ಪಿಸುಗುಟ್ಟಿದ. "ಕಂಪನಿಯಿಂದ ಒಬ್ಬರು ಹೆಗಲು ಕೊಟ್ಟರು ಅಂತಾಗ್ಲಿ. ನನ್ನ ಬೆನ್ನು ಬಗ್ಗಲ್ಲ, ನೋಡು."

"ದೊಡ್ಡೋರು ಬಂದಾಗ ಚೆನ್ನಾಗೇ ಬಗ್ಗುತ್ತಲ್ಲ ಬಿಡಿ," ಎಂದಳು ಪ್ಯಾಕಿಂಗಿನವಳು, ಕಣ್ಣೊರೆಸಿಕೊಳ್ಳುತ್ತಲೇ. "ಎರಡು ವರ್ಷ ಪ್ಯಾಕಿಂಗಲ್ಲಿ ನಮ್ಮ ಜೊತೆ ನಿಂತೂ ನಿಂತೂ ಅಕ್ಕನ ಕಾಲು ಊದಿ ಕಂಬ ಆಗಿತ್ತು. ಒಂದು ಸ್ಟೂಲು ಕೊಟ್ರಾ?"

ಇಂಜಿನಿಯರ್ ಚಟ್ಟದ ಮುಂದಿನ ಕಡೆಗೆ ನಡೆದ.

*

ಗಿರಾಕಿ ಇವತ್ತು ಕೇಳಿದ ಮಾದರಿ ಯಂತ್ರ ನಾಳೆ ಎದ್ದು ನಿಲ್ಲಬೇಕು; ಆ ಕಂಪನಿಯ ಹೊಟ್ಟೆಪಾಡೇ ಅದು. ಯಂತ್ರಕ್ಕೆ ಮಿದುಳಾಗುವ ಮೈಕ್ರೋಕಂಟ್ರೋಲರ್ ಚಿಪ್‌ಗಳಲ್ಲಿ ಯಾವುದನ್ನು ಸದಾ ಕೈಗೆಟಕುವಂತೆ ಇಟ್ಟಿರಬೇಕೆಂದು ಇಂಜಿನಿಯರುಗಳು ಜಗಳವಾಡುತ್ತಿದ್ದರು. ಅಕ್ಕ ಮೂರೇ ಡ್ರಾಯರ್ ಇಟ್ಟಿದ್ದಳು.

"ದೀಪಕ್ಕೆ, ಸ್ವಿಚ್ಚಿಗೆ ಚಿಕ್ಕದು. ಮೋಟಾರಿಗೆ ಮಧ್ಯದ್ದು. ಫೋನ್ ಜೊತೆ ಮಾತಾಡೋಕೆ ವೈಫೈ ಇರೋದು. ನಾಲ್ಕನೇದು ಬರೀ ಶೋಕಿ, ಸಾರ್."

ಬಂದ ಒಂದೊಂದು ಚಿಪ್‌ಗೂ ಪುಟ್ಟ ದೀಪ ಸಿಕ್ಕಿಸಿ, ಮಿನುಗಿದರೆ ಮಾತ್ರ ಒಳಗೆ. ಅವಳ ಡ್ರಾಯರಿನಿಂದ ತೆಗೆದದ್ದನ್ನು ಯಾರೂ ಮತ್ತೆ ಪರೀಕ್ಷಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಊಟಕ್ಕೆ ಹೋಗಿದ್ದಾಗ, ಎಲ್ಲಿಂದಲೋ ಅಗ್ಗಕ್ಕೆ ತಂದ ಚಿಪ್‌ಗಳ ಪೊಟ್ಟಣವನ್ನು ಈ ಇಂಜಿನಿಯರ್ ಮಧ್ಯದ ಡ್ರಾಯರಿಗೆ ಸುರಿದ. ಪರೀಕ್ಷೆ ಬಿಟ್ಟಿದ್ದಕ್ಕೆ ಹತ್ತು ನಿಮಿಷ ಉಳಿಯಿತು. ವಾರ ಕಳೆಯುವುದರೊಳಗೆ, ನೋಡಲು ಬಂದ ವೈದ್ಯರೆದುರೇ, ಅದೇ ಚಿಪ್ ಹಾಕಿದ್ದ, ಔಷಧಿ ಹನಿಸುವ ಪಂಪು ಗುರ್ ಎಂದು ನಿಂತುಹೋಯಿತು. ಕಾರಣ ಕೇಳಲು ಕರೆದ ಸಭೆಯಲ್ಲಿ ಮೈಕು ಅವನ ಕೈಗೆ ಬಂತು.

"ಡ್ರಾಯರ್ ಸ್ಟೋರಿನವರ ಜವಾಬ್ದಾರಿ," ಎಂದ. ಮಾತು ಸುಳ್ಳಾಗಿರಲಿಲ್ಲ. ಹೇಸಿಗೆ ಇದ್ದದ್ದೇ ಅಲ್ಲಿ.

ಮರುದಿನದಿಂದ ಅಕ್ಕ ಪ್ಯಾಕಿಂಗಿಗೆ. ಎದುರಾದಾಗಲೆಲ್ಲ ಅವಳು ಕೇಳುತ್ತಿದ್ದದ್ದು ಒಂದೇ: "ಮಧ್ಯದ ಡ್ರಾಯರ್ ಪೂರ್ತಿ ಖಾಲಿ ಮಾಡಿದ್ರಾ, ಸಾರ್? ಒಂದೂ ಉಳೀಬಾರ್ದು. ರೋಗಿ ಕೈಗೆ ಹೋಗೋ ಪಂಪು ಅದು."

*

ಹೆಣ ಎತ್ತಿದರು. ಮುಂದಿನ ಎಡಹೆಗಲು ಅಕ್ಕನ ಮಗಳದು. ಇಂಜಿನಿಯರ್ ಅವಳ ಪಕ್ಕಕ್ಕೆ ಸರಿದು ದನಿ ತಗ್ಗಿಸಿದ.

"ನೋಡಮ್ಮಾ... ಆ ಚಿಪ್ ಸುರಿದಿದ್ದು ನಾನು. ನಿಮ್ಮಮ್ಮನ ತಪ್ಪೇನೂ ಇರ್ಲಿಲ್ಲ."

"ಗೊತ್ತು. ಅಮ್ಮ ಅವತ್ತೇ ಹೇಳಿದ್ಲು." ಅವಳು ತಿರುಗಿಯೂ ನೋಡಲಿಲ್ಲ. "ಹೊರಿಸೋವಾಗ ಮೈಕಲ್ಲಿ ಹೊರಿಸಿದ್ರಿ. ಒಪ್ಪಿಕೊಳ್ಳೋದು ಮಾತ್ರ ನನ್ನ ಕಿವೀಲಾ? ಎಲ್ಲಾ ಇಲ್ಲೇ ಇದ್ದಾರೆ. ಜೋರಾಗಿ ಹೇಳಿ."

ಅವನು ಬಾಯಿ ತೆರೆದ. ಮ್ಯಾನೇಜರ್ ಎದುರಿಗೇ ಫೋಟೋಗೆಂದು ಫೋನು ಎತ್ತಿ ಹಿಡಿದಿದ್ದ. "ಅದೂ..." ಎಂದ ಇಂಜಿನಿಯರ್. ಅಂಗಿಯ ತೋಳನ್ನು ಇನ್ನೊಂದು ಮಡಿಕೆ ಮೇಲೇರಿಸಿದ.

"ಏನೇ ಅದು ಗುಸುಗುಸು?" ಹಿಂದಿನಿಂದ ಸೋದರಮಾವ ಗದರಿದ. "ಆಫೀಸಿನೋರು ಪಾಪ ಕಾಯ್ತಿದ್ದಾರೆ. ನಾಲ್ಕು ಹೆಜ್ಜೆ ಅವರಿಗೆ ಹೆಗಲು ಬಿಡು."

"ಬಿಡಲ್ಲ, ಮಾವ."

"ಭಾರ ಕಣೇ. ದೂರ ಇದೆ."

ಅವಳು ಚಟ್ಟದ ಕೋಲಿನಡಿಗೆ ಭುಜವನ್ನು ಇನ್ನಷ್ಟು ಒಳಗೊತ್ತಿಕೊಂಡಳು. ಅಮ್ಮನನ್ನು ಹೊತ್ತು ಗೇಟು ದಾಟಿದಳು.