ಒತ್ತಿ ಹಿಡಿದ ಕಾಲು

ಕನ್ನಡಿಯಲ್ಲಿ ಒಂದು ಕೈ, ಡ್ರೈವರನ ತಲೆಯ ಮೇಲೆ ನೇತಾಡುವ ಅಂಗೈಯಗಲದ ಕನ್ನಡಿ, ಅದರೊಳಗೆ ನನ್ನ ಸಾವಂತ್ರಿಯ ಕೈ ಮಾತ್ರ, ಹಿಂದಿನ ಹಲಗೆಯನ್ನು ಬಿಗಿಯಾಗಿ ಹಿಡಿದಿದೆ, ಬಸುರಿಗೆ ಮಾಡಿದ ಕುಬುಸದ ದಿನ ನಾನೇ ಇಡಿಸಿದ ಹಸಿರು ಬಳೆ — ಮಗಳ ಮುಖ ನೋಡಬೇಕೆಂದರೆ ತಿರುಗಬೇಕು, ತಿರುಗಿದರೆ ಕಾಲು ಜಾರುತ್ತದೆ, ಕಾಲು ಜಾರಿದರೆ ಪೈಪಿನೊಳಗೆ ಗಾಳಿ. ಡ್ರೈವರನ ಜಾಗದಲ್ಲಿ ನಾನು, ಎಡಗಾಲು ಕ್ಲಚ್ಚಿನ ಮೇಲೆ, ಗಾಡಿ ಓಡಿಸುತ್ತಿದ್ದ ಅಳಿಯ ಅಮಾತೆಪ್ಪ ಅದರಡಿ ಅಂಗಾತ ಮಲಗಿದ್ದಾನೆ, ಗಾಲಿಗೆ ಕಲ್ಲು ಕೊಟ್ಟಿದ್ದಾನೆ, ಆ ಕಲ್ಲು ಸರಿದರೆ, ಬೇಡ, ಅದನ್ನು ನೆನೆಯಬಾರದು. ಅಮೀನಗಡ ದಾಟಿದ ಮೇಲಿನ ಏರಿನಲ್ಲಿ ಗೇರು ಬೀಳಲಿಲ್ಲ, ಕ್ಲಚ್ಚು ಬತ್ತಿದ ಕೆಚ್ಚಲಿನಂತೆ ಮೆತ್ತಗೆ ಕೆಳಗೆ ಹೋಯಿತು, ನಟ್ಟು ಸಡಿಲಾಗಿ ಎಣ್ಣೆ ಸೋರಿತ್ತು, ಅಳಿಯ ಬಿಗಿದ, ಇದ್ದ ಎಣ್ಣೆ ತುಂಬಿದ, ಪೈಪಿನ್ಯಾಗ ಗಾಳಿ ಹೊಕ್ಕೈತಿ, ಅದು ಹೊರಗ ಹೋಗೂತನಕ ಗಾಡಿ ಏಳಂಗಿಲ್ಲ, ನಿಮ್ಮವ್ವಗ ಹೇಳು, ಒತ್ತಿ ಹಿಡೀಲಿ, ನಾ ಕೆಳಗ ನಟ್ಟ ಬಿಚ್ಚತೇನಿ, ಗುಳ್ಳಿ ಹೊರಬೀಳ್ತಾವ, ಮುಚ್ಚಿದ ಮ್ಯಾಲ ಬಿಡು ಅಂತೇನಿ, ಅದಕ್ಕೂ ಮೊದಲ ಬಿಟ್ರ ಗಾಳಿ ತಿರುಗಿ ಒಳಗ — ಇಷ್ಟನ್ನೂ ಅವನು ಹೇಳಿದ್ದು ನನಗಲ್ಲ, ನೋವಿನಲ್ಲಿ ಬಿದ್ದ ಹೆಂಡತಿಗೆ, ಅತ್ತೆ ಅಳಿಯ ಎದುರಾಬದುರು ಮಾತಾಡುವುದುಂಟೇ, ಮದುವೆಯಾದಾಗಿನಿಂದ ನನ್ನ ಸೆರಗು ಅವನಿಗೆ ಗೊತ್ತು, ದನಿ ಗೊತ್ತಿಲ್ಲ. ಕೂಸು ಅಡ್ಡ ಕುಂತೈತಿ ಯಕ್ಕಾ, ನನ್ನ ಕೈ ಮೀರಿತು, ಬಾಗಲಕೋಟಿ ದವಾಖಾನಿಗೆ ಒಯ್ಯಿ, ಸಂಜಿತನಕ ತಡೀಬ್ಯಾಡ — ಇಳಕಲ್ಲಿನಲ್ಲಿ ಸೂಲಗಿತ್ತಿ ಗುಲಾಬಬಿ ಹೇಳಿದ್ದು, ಊರಿನ ಅರ್ಧ ಮಕ್ಕಳನ್ನು ಹಿಡಿದ ಕೈ ಅವಳದು, ಈಗ ಹೊತ್ತು ಎಷ್ಟಾಯಿತೋ, ಮೈಲುಗಲ್ಲಿನ ನೆರಳು ರಸ್ತೆಗೆ ಬಂದಿದೆ, ಬಾ-ಗ-ಲ-ಕೋ-ಟೆ, ಓದಬಲ್ಲೆ, ಓದಿದರೆ ಹತ್ತಿರವಾಗುವುದಿಲ್ಲ, ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂತು, ಕಲ್ಲು ನಿಂತಲ್ಲೇ ನಿಂತಿದೆ.

ಒತ್ಯಾರೇನು ಕೇಳು, ಅಂದ ಅಮಾತೆಪ್ಪ ಕೆಳಗಿನಿಂದ, ನಾನು ತಲೆಯಾಡಿಸಿದೆ, ಸಾವಂತ್ರಿ ಆ ನೋವಿನಲ್ಲೂ ನಕ್ಕಳು, ಯವ್ವಾ, ಅವರು ಗಾಡಿ ಕೆಳಗದಾರ, ಗೋಣು ಯಾರಿಗೆ ಹಾಕತಿ, ಒತ್ಯಾಳ್ರೀ ಎಂದು ತಾನೇ ಕೂಗಿದಳು, ಹಾಗೇ ನಡೆಯಿತು, ಅವನು ಅವಳಿಗೆ, ಅವಳು ನನಗೆ, ನಾನು ಅವಳಿಗೆ, ಎಣ್ಣೆಯ ಪೈಪಿಗಿಂತ ನಮ್ಮ ಮಾತಿನ ಪೈಪು ಉದ್ದ — ಆಮೇಲೆ ದೊಡ್ಡ ನೋವು ಬಂತು, ಕನ್ನಡಿಯಲ್ಲಿ ಮುಷ್ಟಿ ಬಿಗಿಯಿತು, ಬಳೆಯೊಂದು ಹಲಗೆಗೆ ಬಡಿದು ಒಡೆಯಿತು, ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು, ಅವಳಿಗೆ ಮಾತು ಬರಲಿಲ್ಲ, ಅವನು ನಟ್ಟು ಮುಚ್ಚಿದನೋ ಇಲ್ಲವೋ ಕೇಳಲು ನನಗೆ ಬಾಯಿಲ್ಲ, ಕಾಲು ತಾನಾಗಿ ಎದ್ದಿತು, ಕೆಳಗೆ ಸೊರ್ ಎಂದು ಗಾಳಿ ಒಳಗೆಳೆದ ಸಪ್ಪಳ, ಅಯ್ಯೋ ಎಲ್ಲಾ ಹಾಳಾತು, ಎಣ್ಣಿ ಇನ್ನೊಂದೀಟ ಐತಿ, ಅಂದ ಅವನು, ಯಾರಿಗೂ ಅಲ್ಲ, ಆ ಒಂದೀಟು ಎಣ್ಣೆ, ಅದರ ಮೇಲೆ ಎರಡು ಜೀವ, ನನ್ನ ಸೆರಗು ಇವಳನ್ನು ನುಂಗಬೇಕೇ — ಒತ್ತೇನ್ರೀ! ಯಾರ ದನಿ ಇದು, ನನ್ನದೇ, ಒತ್ತೇನ್ರೀ ಅಳಿಯಂದ್ರ, ಬಿಚ್ಚರಿ, ಕೆಳಗೆ ನಟ್ಟಿನ ಮೇಲೆ ಪಾನಾ ತಿರುಗಿತು, ಹಿಡೀರಿ, ಎಂದ, ನೇರ ನನಗೆ, ಗುಳ್ಳಿ ಬರಾಕತ್ತಾವ, ಹಿಡೀರಿ, ಹಾಂ, ಬಿಡ್ರಿ, ಒತ್ತೇನ್ರೀ, ಬಿಡ್ರಿ, ಒತ್ತೇನ್ರೀ, ಪಾದದಡಿ ಏನೋ ಗಟ್ಟಿಯಾಗುತ್ತಿದೆ, ಕ್ಲಚ್ಚು ನನ್ನ ಕಾಲನ್ನು ತಿರುಗಿ ಒತ್ತುತ್ತಿದೆ, ಸಾವಂತ್ರೀ ಕೇಳಿದಿಯಾ, ನಿಮ್ಮವ್ವ ನಿನ್ನ ಗಂಡನ ಜೋಡಿ ಮಾತಾಡಾಕತ್ತಾಳ, ನಗಬಾರದೇನ, ಅಂದೆ, ಅವಳು ನಗಲಿಲ್ಲ, ನರಳುತ್ತಲೂ ಇಲ್ಲ, ಯಾವಾಗಿನಿಂದ ಇಲ್ಲ, ಕನ್ನಡಿಯಲ್ಲಿ ಕೈ, ಹಲಗೆಯ ಮೇಲೆಯೇ ಇದೆ, ಮುಷ್ಟಿ ಇಲ್ಲ, ನೋವು ಇಳಿದಾಗಲೂ ಬೆರಳು ಬಿಚ್ಚುತ್ತವೆ, ಹೌದು, ನೋವು ಇಳಿದಿದೆ ಅಷ್ಟೇ, ಮತ್ತೆ ಬರುತ್ತದೆ, ಬರಲಿ, ಬೇಗ ಬರಲಿ, ಶಿವನೇ, ನನ್ನ ಮಗಳಿಗೆ ನೋವು ಕೊಡು — ಗುಳ್ಳಿ ನಿಂತ್ವು, ಮುಗೀತ್ರಿ, ಬಿಡ್ರಿ, ಅನ್ನುತ್ತಾನೆ ಕೆಳಗಿನಿಂದ, ಬಿಡ್ರಿ, ಅತ್ತಿ, ಬಿಡ್ರಿ, ನನ್ನ ಕಾಲು ಏಳುವುದಿಲ್ಲ, ಎದ್ದರೆ ತಿರುಗಿ ನೋಡಬೇಕು, ಕನ್ನಡಿಯಲ್ಲಿ ಕೈ, ಬಿಚ್ಚಿದ ಬೆರಳು, ಹಸಿರು ಬಳೆ, ಕೈ —