ಶನಿವಾರದ ಗೋಡೆ

ಡಿಸೆಂಬರಿನ ಕೊನೆಯ ಮಳೆಗೆ ದಿದಿಮೊನ ಮನೆಯ ಹಿಂಗೋಡೆ ಕುಸಿಯಿತು. ಬಿದಿರಿನ ಹಂದರ ಹಾಗೇ ನಿಂತಿತ್ತು. ಮೆತ್ತಿದ್ದ ಮಣ್ಣು ಮಾತ್ರ ಕಳಚಿಬಿದ್ದು, ಮಂಚದ ಮೇಲೆ ಕೂತರೆ ಪಕ್ಕದ ಮನೆಯವರ ಹಿತ್ತಲು ಕಾಣುವಂತಾಯಿತು. ಹೆಂಡತಿ ಎದಿಲ್ಮಾ ಅಲ್ಲಿಗೊಂದು ಹಳೆಯ ಟಾರ್ಪಾಲು ಕಟ್ಟಿದಳು.

"ಬೇಸಿಗೆ ಬರ್ಲಿ, ಊರನ್ನ ಕರೆದರಾಯ್ತು," ಎಂದ ದಿದಿಮೊ.

ಅಸುವೆರೊ ಪರ್ಯಾಯದ್ವೀಪದ ಆ ಸಣ್ಣ ಊರುಗಳಲ್ಲಿ ಮನೆಗಳು ಎದ್ದದ್ದೇ ಹಾಗೆ. ಕರೆದವನು ಮಣ್ಣು ಅಗೆದು, ನೀರು ಹುಯ್ದು, ಹುಲ್ಲು ಹರಡಿ ಇಡಬೇಕು. ಬೆಳಗಾಗುತ್ತಲೇ ಊರಿಗೆ ಊರೇ ಬಂದು, ಒಬ್ಬರ ಹೆಗಲು ಒಬ್ಬರು ಹಿಡಿದು ಕೆಸರು ತುಳಿದು, ಕೂಗು ಹಾಕುತ್ತ ಗೋಡೆ ಮೆತ್ತಿ, ಸಂಜೆಗೆ ಕೋಳಿಸಾರು ಉಂಡು ಹೋಗುತ್ತಿತ್ತು. ತಾನು ಎಷ್ಟು ಮನೆಗಳಿಗೆ ಮಣ್ಣು ತುಳಿದಿದ್ದೇನೆಂದು ದಿದಿಮೊನಿಗೇ ನೆನಪಿರಲಿಲ್ಲ. ಬೆಲಿಸಾರಿಯೊನ ಮನೆಗೂ ತುಳಿದಿದ್ದ. ಮುಂದೆ ಅದೇ ಬೆಲಿಸಾರಿಯೊ, ದಿದಿಮೊನ ಮಗಳಿಗೆ ಚರ್ಚಿನಲ್ಲಿ ಹೆಸರಿಟ್ಟ ದಿನ ಅವಳನ್ನು ಎತ್ತಿಕೊಂಡು ಧರ್ಮತಂದೆಯಾಗಿ ನಿಂತ. ಅಂದಿನಿಂದ ಇಬ್ಬರೂ ಪರಸ್ಪರ 'ಕಂಪಾದ್ರೆ' ಎಂದು ಕರೆದುಕೊಂಡು ಬಹುವಚನದಲ್ಲೇ ಮಾತಾಡುತ್ತಿದ್ದರು.

ಈಗ ಬೆಲಿಸಾರಿಯೊ ಊರಿನ ಪ್ರವಾಸಿ ಸಮಿತಿಯ ಮುಖ್ಯಸ್ಥ. ಹಳೆಯ ಊರುಗಳನ್ನು ನೋಡಲೆಂದು ರಾಜಧಾನಿಯಿಂದ, ಹೊರದೇಶಗಳಿಂದ ಜನ ಬಸ್ಸು ತುಂಬಿ ಬರುತ್ತಿದ್ದರು. ಪ್ರತಿ ಶನಿವಾರ ಚರ್ಚಿನ ಮುಂದಿನ ಬಯಲಿನಲ್ಲಿ ಊರವರು ದುಡ್ಡು ಪಡೆದು ಅವರೆದುರು ಒಂದು ಗೋಡೆ ಮೆತ್ತುತ್ತಿದ್ದರು. ಬಸ್ಸು ಹೋದಮೇಲೆ ನೀರೆರಚಿ ಅದನ್ನು ಕಳಚಿ, ಮುಂದಿನ ವಾರಕ್ಕೆ ಮಣ್ಣನ್ನು ರಾಶಿ ಹಾಕುತ್ತಿದ್ದರು.

"ಬರೋ ಶನಿವಾರ ನಮ್ಮನೆಗೆ ಬನ್ನಿ ಕಂಪಾದ್ರೆ, ನಾಲ್ಕು ಜನಾನ ಕರ್ಕೊಂಡು," ಎಂದು ಜನವರಿಯಲ್ಲಿ, ಅಲ್ಲಿನ ಬೇಸಿಗೆ ಶುರುವಾಗುತ್ತಲೇ, ದಿದಿಮೊ ಕೇಳಿದ.

"ಶನಿವಾರ ಬಸ್ಸಿದೆಯಲ್ಲ."

"ಭಾನುವಾರ?"

"ಶನಿವಾರ ತುಳಿದೋರಿಗೆ ಭಾನುವಾರ ಕಾಲು ಎತ್ತಕ್ಕಾಗುತ್ತಾ? ಮಳೆ ಇನ್ನೂ ದೂರ ಇದೆ ಬಿಡಿ."

"ಹಾಗಾದ್ರೆ ಒಂದು ಶನಿವಾರ ಆ ಬಸ್ಸಿನ ಜನಾನೇ ನಮ್ಮನೆ ಹತ್ರ ಕರ್ಕೊಂಡು ಬನ್ನಿ. ಬೀಳಿಸೋ ಗೋಡೆ ಬಿಟ್ಟು ನಿಲ್ಲೋ ಗೋಡೆ ನೋಡ್ಲಿ."

ಬೆಲಿಸಾರಿಯೊ ನಕ್ಕ. "ನಿಮ್ಮ ಓಣಿಗೆ ಬಸ್ಸು ತಿರುಗಲ್ಲ. ಸಾಲದ್ದಕ್ಕೆ ನಿಮ್ಮ ಹಂದಿಗೂಡು ಬೇರೆ. ಅವರ ಫೋಟೋದಲ್ಲಿ ನಿಮ್ಮ ಹಂದಿ ಬರ್ಬೇಕಾ?"

ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ಏಪ್ರಿಲಿನಲ್ಲಿ ಸಮುದ್ರದ ಕಡೆ ಮೋಡ ಕಾಣಿಸಿದಾಗ ದಿದಿಮೊ ಯಾರನ್ನೂ ಕೇಳದೆ ಹಿತ್ತಲಲ್ಲಿ ಗುಂಡಿ ತೋಡಿದ. ಒಂದು ಶನಿವಾರ ಗಂಡಹೆಂಡಿರಿಬ್ಬರೇ ಕೆಸರಿಗಿಳಿದರು.

"ಹಿಂಗೆ ತುಳಿದ್ರೆ ಮೊಮ್ಮಕ್ಕಳ ಮದುವೆಗೆ ಗೋಡೆ ಆಗುತ್ತೆ," ಎಂದಳು ಎದಿಲ್ಮಾ, ಲಂಗ ಎತ್ತಿಕಟ್ಟುತ್ತ.

"ತುಳಿಯೇ. ಮಣ್ಣು ಬಾಯಲ್ಲಿ ಹದ ಆಗಲ್ಲ."

ಅಷ್ಟರಲ್ಲಿ ಬಯಲಿನಿಂದ ತಪ್ಪಿಸಿಕೊಂಡು ಓಣಿ ಸುತ್ತುತ್ತಿದ್ದ ಇಬ್ಬರು ಪ್ರವಾಸಿಗರು ಬೇಲಿಯ ಬಳಿ ನಿಂತರು. ನಾವೂ ಬರಬಹುದೇ ಎಂದು ಕೈಸನ್ನೆಯಲ್ಲಿ ಕೇಳಿ, ಬೂಟು ಕಳಚಿ ಇಳಿದೇಬಿಟ್ಟರು. ಅವರ ಕಿರುಚಾಟ ಕೇಳಿ ಇನ್ನೂ ನಾಲ್ವರು ಬಂದರು. ಎದಿಲ್ಮಾ ಜೋಳದ ಪಾನಕ ಕೊಟ್ಟಳು. ತುಳಿಯುತ್ತ ತುಳಿಯುತ್ತ ದಿದಿಮೊನ ಗಂಟಲಿನಿಂದ ಹಳೆಯ ಕೂಗು ತಾನಾಗಿ ಹೊರಟಿತು. ಸಂಜೆಗೆ ಅರ್ಧ ಗೋಡೆಯಾದರೂ ಆದೀತು ಎಂಬ ಆಸೆ ಹುಟ್ಟಿತು.

ಕೂಗಿನ ಜಾಡು ಹಿಡಿದು ಬೆಲಿಸಾರಿಯೊ ಏದುಸಿರು ಬಿಡುತ್ತ ಬಂದ. ಪ್ರವಾಸಿಗರಿಗೆ ಕೈಮುಗಿದು, ನಗುನಗುತ್ತ, ಊಟ ಆರುತ್ತಿದೆಯೆಂದು ಅವರನ್ನು ಬಯಲಿಗೆ ಸಾಗಹಾಕಿದ. ಆಮೇಲೆ ದಿದಿಮೊನ ಕಡೆ ತಿರುಗಿದ.

"ಎಷ್ಟು ದಿನದಿಂದ ಹೊಂಚು ಹಾಕಿದ್ದೆ ನೀನು?"

'ನೀನು' ಎಂಬುದು ಕಪಾಳಕ್ಕೆ ಹೊಡೆದಂತಾಯಿತು. "ಯಾವ ಹೊಂಚು?"

"ಅಲ್ಲಿ ನಾವು ಬಿಸಿಲಲ್ಲಿ ಸಾಯ್ತಿದ್ರೆ, ಇಲ್ಲಿ ನೀನು ಬೇರೆ ಆಟ ಹೂಡಿ ನಮ್ಮ ಬಸ್ಸಿನ ಜನಾನ ಎಳ್ಕೊತಿದೀಯಾ?"

"ಆಟನಾ? ನನ್ನ ಮನೆಗೆ ಗೋಡೆ ಇಲ್ಲ ಕಣೋ, ಕಣ್ಣು ಕಾಣಲ್ವಾ?"

"ಸಮಿತಿ ಜೊತೆ ಹೊಂದ್ಕೊಂಡು ಇದ್ದಿದ್ರೆ ನೋಡ್ಬಹುದಿತ್ತು. ಇನ್ನು ನಿನ್ನ ಮನೆಗೆ ಯಾರು ಬರ್ತಾರೋ ನಾನೂ ನೋಡ್ತೀನಿ," ಎಂದು ಬೆಲಿಸಾರಿಯೊ ಅವನ ಮುಖದತ್ತ ಬೆರಳು ಚಾಚಿದ.

"ನನ್ನ ಮಗೂನ ಎತ್ತಿಕೊಂಡ ಕೈ ಅದು," ಎಂದಳು ಎದಿಲ್ಮಾ. "ಅದನ್ನೇ ನಮ್ಮ ಮುಖಕ್ಕೆ ತೋರಿಸಿ ಮಾತಾಡ್ತೀರಲ್ಲ!"

ಬೆಲಿಸಾರಿಯೊ ಕೈ ಇಳಿಸಿದ. ತಿರುಗಿ ಬಯಲಿನ ಕಡೆ ನಡೆದ.

ದಿದಿಮೊ ಗುಂಡಿಗೆ ಒಣಮಣ್ಣು ಎಳೆದು ಮುಚ್ಚಿದ. ಎರಡು ಹಂದಿ ಮಾರಿ, ಪಟ್ಟಣದಿಂದ ಸಿಮೆಂಟ್ ಇಟ್ಟಿಗೆ ತರಿಸಿ, ಕೂಲಿಯವರಿಂದ ಗೋಡೆ ಕಟ್ಟಿಸಿದ. ಗೋಡೆ ನೆಟ್ಟಗೆ, ಗಟ್ಟಿಯಾಗಿ ನಿಂತಿತು. ಮಣ್ಣಿನ ತಂಪು ಮಾತ್ರ ಆ ಕೋಣೆಗೆ ಮರಳಲಿಲ್ಲ. ಮಧ್ಯಾಹ್ನವಾದರೆ ಒಲೆಯ ಪಕ್ಕ ಕೂತ ಹಾಗೆ.

ಎದಿಲ್ಮಾ ತಾನು ಹಗಲು ಒರಗುವ ಜೋಲಿಯನ್ನು ಜಗಲಿಗೆ ಒಯ್ದು ಕಟ್ಟಿಕೊಂಡಳು. "ಹೊರಗೆ ಬಾ ಮಾರಾಯ, ಬೆಂದುಹೋಗ್ತೀಯ," ಎಂದು ಕರೆದಳು.

"ನನಗೇನೂ ಸೆಕೆ ಇಲ್ಲ."

ಬಯಲಿನ ಕಡೆಯಿಂದ ಶನಿವಾರದ ಕೂಗು ತೇಲಿ ಬಂತು. ಅಂಗಿ ಬೆನ್ನಿಗೆ ಅಂಟಿಕೊಂಡಿದ್ದರೂ ದಿದಿಮೊ ಮಂಚದಿಂದ ಏಳಲಿಲ್ಲ. ಕೈ ಚಾಚಿ ರೇಡಿಯೊವನ್ನು ಇನ್ನಷ್ಟು ಜೋರು ಮಾಡಿದ.