ಯಾರ ಬಾಯೂ ತಾಗದ ಬ್ಯೂಗಲ್

ಜುಲೈ ಹನ್ನೊಂದರ ಶುಕ್ರವಾರ ಸಂಜೆ ನಾಲ್ಕಕ್ಕೆ, ನ್ಯಾಮತಿಯ ಪ್ರೌಢಶಾಲೆಯೊಂದರ ಎಂಟನೇ ತರಗತಿಯ ಸಿಂಚನ ಬ್ಯೂಗಲ್ ಆರಿಸಿಕೊಂಡಳು.

ಸ್ವಾತಂತ್ರ್ಯ ದಿನದ ಪಥಸಂಚಲನಕ್ಕೆ ಬ್ಯಾಂಡ್ ಕಟ್ಟುತ್ತಿದ್ದ ದೈಹಿಕ ಶಿಕ್ಷಕ ಮಹೇಶ್ವರಪ್ಪ, ವಾದ್ಯಗಳನ್ನು ವರಾಂಡದಲ್ಲಿ ಹರಡಿ ಬೇಕಾದ್ದನ್ನು ಎತ್ತಿಕೊಳ್ಳಿ ಎಂದಿದ್ದರು. ಹೆಚ್ಚಿನವರು ಸೈಡ್ ಡ್ರಮ್ಮಿಗೆ ಮುಗಿಬಿದ್ದರು. ತಾಳ ಯಾರಿಗೂ ಬೇಕಿರಲಿಲ್ಲ. ಸಿಂಚನ ನೆಟ್ಟಗೆ ಹೋಗಿ ಹಿತ್ತಾಳೆಯ ಬ್ಯೂಗಲ್ ಎತ್ತಿದಳು. ಗುಂಡಿಗಳಿಲ್ಲದ ಕೊಳವೆ ಅದು. ತುಟಿ ಬಿಗಿದು ದಮ್ಮು ಹಾಕಿದರೆ ಮಾತ್ರ ಸ್ವರ ಹೊರಡುತ್ತದೆ. ಮೊದಲ ಸಲ ಬರೀ ಗಾಳಿ ಬಂತು. ಎರಡನೇ ಸಲ ಎಮ್ಮೆ ಕರೆದಂತಾಯಿತು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಮನೆಯಲ್ಲಿ ತಾಯಿ ಕಲ್ಪನಾ ನಗಲಿಲ್ಲ.

"ಡಾಕ್ಟ್ರು ಏನ್ ಹೇಳಿದ್ರೇ ನಿಂಗೆ?"

"ಓಡಬ್ಯಾಡ, ಭಾರ ಎತ್ತಬ್ಯಾಡ ಅಂದ್ರು. ಇದು ನಿಂತ್ಕಂಡು ಊದೋದಮ್ಮ. ಭಾರನೂ ಇಲ್ಲ. ಇಡೀ ಇಸ್ಕೂಲಲ್ಲಿ ನಂಗೆ ಮಾಡಾಕೆ ಬರೋದು ಇದೊಂದೇ."

ಉಸಿರು ಬಿಗಿಹಿಡಿದು ಶ್ರಮಪಡುವುದೂ ಕೂಡದೆಂದು ಡಾಕ್ಟರ್ ಹೇಳಿದ್ದು ಅವಳಿಗೆ ಗೊತ್ತಿರಲಿಲ್ಲ. ಆಗ ಅವಳನ್ನು ಹೊರಗೆ ಕೂರಿಸಿದ್ದರು.

ಜನವರಿಯಲ್ಲಿ ಅವಳು ಮೆಟ್ಟಿಲ ಮೇಲೆ ಎಚ್ಚರ ತಪ್ಪಿ ಬಿದ್ದಿದ್ದಳು. ದಾವಣಗೆರೆಯ ಹೃದ್ರೋಗ ತಜ್ಞರು ಎಕೋ ಮಾಡಿ, ಹೃದಯದ ಗೋಡೆ ದಪ್ಪವಾಗಿದೆ ಎಂದರು. ಇದು ರಕ್ತಸಂಬಂಧದಲ್ಲಿ ಬರುವ ಕಾಯಿಲೆ, ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ, ಮೊದಲು ಅಕ್ಕನಿಗೆ ಮಾಡಿಸಿ ಎಂದರು. ಯಾರಿಗೂ ಮಾಡಿಸಲಿಲ್ಲ. ಅಕ್ಕ ಸುಧಾಳಿಗೆ ಆಗಲೇ ಗಂಡು ನೋಡುತ್ತಿದ್ದರು. ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ತಂದೆ ಕಲ್ಲೇಶ್, ವಿಷಯ ಮನೆಯ ಹೊಸ್ತಿಲು ದಾಟಬಾರದು ಎಂದರು. ಡಾಕ್ಟರ್ ಹೇಳಿದ್ದನ್ನು ಸುಧಾಳಿಗೂ ತಿಳಿಸಲಿಲ್ಲ. ಶಾಲೆಯ ಆಟದಿಂದ ಬಿಡಿಸಲು ಸಿಂಚನಳಿಗೆ ಮಂಡಿನೋವು ಎಂದು ಹೇಳಿದ್ದರು.

ಮೇ ತಿಂಗಳಲ್ಲಿ ಸುಧಾಳಿಗೆ ಸಂಬಂಧ ಕೂಡಿಬಂತು. ಹುಡುಗ ಹೊನ್ನಾಳಿಯ ನಿಂಗರಾಜ್, ಕಾಲೇಜು ಉಪನ್ಯಾಸಕ. ಮಹೇಶ್ವರಪ್ಪನವರ ಸ್ವಂತ ಅಕ್ಕನ ಮಗ. ಆಷಾಢ ಕಳೆದು, ಆಗಸ್ಟ್ ಹತ್ತರ ಭಾನುವಾರ ನಿಶ್ಚಿತಾರ್ಥವೆಂದು ಗೊತ್ತಾಗಿತ್ತು.

ಶನಿವಾರ ಕಲ್ಪನಾ ಶಾಲೆಗೆ ಹೋದರು.

"ಬರ್ರಿ ಬರ್ರಿ, ಬೀಗ್ತೀರು ಇಸ್ಕೂಲ್ ತನಕ ಬಂದೀರಿ!" ಎಂದು ಮಹೇಶ್ವರಪ್ಪ ಕುರ್ಚಿ ಎಳೆದರು.

"ಸಾರ್, ನಮ್ಮ ಹುಡುಗಿಗೆ ಆ ಊದೋದು ಬ್ಯಾಡ. ತಾಳ ಕೊಟ್ಬಿಡ್ರಿ."

"ಯಾಕ್ರೀ? ನೋವು ಇರಾದು ಮಂಡೀಲಿ. ಮಂಡಿಗೂ ಬಾಯಿಗೂ ಏನ್ ಸಂಬಂಧ?"

ಕಲ್ಪನಾ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದನ್ನೇ ಹೇಳಿದರು. "ನಮ್ಮತ್ತೆ ಲಿಂಗಪೂಜೆಯೋರು. ಮನೇಲಿ ಎಂಜಲು ನಡಿಯಂಗಿಲ್ಲ. ಅದನ್ನ ಯಾರ್ಯಾರು ಬಾಯಿಗೆ ಇಟ್ಕಂಡಿರ್ತಾರೋ ಏನೋ..."

"ಎಲ್ಲ ಮಕ್ಕಳೂ ಊದ್ಯಾರೆ. ನಾನೂ ಊದ್ತೀನಿ. ಇರ್ಲಿ ಬಿಡ್ರಿ, ನೋಡಾಣ" ಎಂದರು ಮಹೇಶ್ವರಪ್ಪ.

ಮರುವಾರ ಅವರ ಬೈಕು ಮನೆಯ ಮುಂದೆ ನಿಂತಿತು. ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದ ಹೊಸ ಬ್ಯೂಗಲ್ ತಂದಿದ್ದರು.

"ಶಿವಮೊಗ್ಗದಿಂದ ತರಿಸೀನಿ. ಅಂಗಡಿಯೋನೂ ಊದಿ ನೋಡಿಲ್ಲ, ನಾನೇ ಬ್ಯಾಡ ಅಂದೆ. ಯಾರ ಬಾಯೂ ತಾಗಿಲ್ಲ ಇದಕ್ಕೆ. ದುಡ್ಡು ಕೊಟ್ಟೋನು ನಿಂಗರಾಜ. ಆಗೋ ನಾದಿನಿಗೆ ಮೊದಲನೇ ಉಡುಗೊರೆ ಅಂತೆ." ಅವರು ಜೋರಾಗಿ ನಕ್ಕರು. "ನಮ್ಮಕ್ಕಂಗೆ ಎಂಜಲಿನ ವಿಷಯ ಹೇಳ್ದೆ. ಇಂಥ ಆಚಾರದ ಮನೆ ಈಗ ಎಲ್ಲಿ ಸಿಗ್ತೈತೆ ಅಂತ ಖುಷಿಯಾದ್ಲು."

ಸಿಂಚನ ಬ್ಯೂಗಲನ್ನು ಎದೆಗೆ ಅವಚಿಕೊಂಡಿದ್ದಳು. ಕಲ್ಪನಾ ಗಂಡನ ಮುಖ ನೋಡಿದರು. ಕಲ್ಲೇಶ್, "ಮೇಷ್ಟ್ರಿಗೆ ಕಾಫಿ ಮಾಡು" ಎಂದರು.

ಮೇಷ್ಟ್ರು ಹೋದ ಮೇಲೆ ಅಡುಗೆಮನೆಯಲ್ಲಿ ಮಾತಾಯಿತು.

"ಹೇಳಿಬಿಡಾಣ ರೀ. ಒಳ್ಳೆ ಮನುಷ್ಯ ಅವರು."

"ಒಳ್ಳೆಯೋರೇ. ಅಕ್ಕಂಗೆ ಹೇಳ್ದೆ ಇರ್ತಾರಾ? ಆಮೇಲೆ ಸುಧಾನ್ನೂ ತೋರಿಸ್ರಿ ಅಂತಾರೆ. ಏನಾದ್ರೂ ಇತ್ತು ಅನ್ಕ, ಇಬ್ಬರನ್ನೂ ಮನೇಲಿ ಇಟ್ಕಂಡು ಕುಂತ್ಕಬೇಕು. ನಿಶ್ಚಿತಾರ್ಥ ಒಂದು ಕಳೀಲಿ. ಏನೋ ನೆಪ ಹೇಳಿ ಬಿಡಿಸಾಣ."

"ಅಲ್ಲೀ ತನಕ?"

"ಮೆಲ್ಲಕೆ ಊದು ಅಂತ ಹೇಳು."

ಕಲ್ಪನಾ ದಿನವೂ ಹೇಳಿದರು. ಬ್ಯೂಗಲ್ ಮೆಲ್ಲಗೆ ಊದಿದರೆ ನುಡಿಯುವುದಿಲ್ಲ. ಸಿಂಚನ ಬೇಗ ಕಲಿತಳು. ಜುಲೈ ಕೊನೆಯ ಹೊತ್ತಿಗೆ ಬ್ಯಾಂಡಿನ ಮೊದಲ ಕೂಗು ಅವಳದೇ ಆಗಿತ್ತು. ನಿಂಗರಾಜ್ ಫೋನ್ ಮಾಡಿದಾಗಲೆಲ್ಲ ಸುಧಾ ಅದನ್ನು ತಂಗಿಯಿಂದ ಊದಿಸಿ ಕೇಳಿಸುತ್ತಿದ್ದಳು.

ಆಗಸ್ಟ್ ನಾಲ್ಕರ ಸೋಮವಾರ ಬೆಳಿಗ್ಗೆ, ನಡೆಯುತ್ತ ನುಡಿಸುವ ಅಭ್ಯಾಸ ಮೊದಲ ಬಾರಿಗೆ ನಡೆಯಿತು. ಬ್ಯಾಂಡು ಮೈದಾನವನ್ನು ಒಂದು ಸುತ್ತು ಹಾಕಿತು. ಎರಡನೇ ಸುತ್ತಿನ ತಿರುವಿನಲ್ಲಿ ಬ್ಯೂಗಲ್ ನಿಂತಿತು. ಡ್ರಮ್ಮಿನವರು ಅದನ್ನು ಗಮನಿಸದೆ ಹತ್ತು ಹೆಜ್ಜೆ ಮುಂದೆ ಹೋಗಿದ್ದರು. ಮಹೇಶ್ವರಪ್ಪ ಓಡಿಬಂದು, ಕುಸಿದು ಬಿದ್ದಿದ್ದ ಸಿಂಚನಳ ಎದೆ ಒತ್ತಿದರು, ಸಹಶಿಕ್ಷಕರ ಕಾರಿನಲ್ಲಿ ಆಸ್ಪತ್ರೆಗೆ ಒಯ್ದರು. ಅಷ್ಟರಲ್ಲಿ ಜೀವ ಹೋಗಿತ್ತು.

ಆಸ್ಪತ್ರೆಯ ಮುಂದೆ ಜನ ಸೇರಿದರು. ಖಾಲಿ ಹೊಟ್ಟೆಯಲ್ಲಿ ಮೇಷ್ಟ್ರು ಮೈದಾನ ಸುತ್ತಿಸಿದನಂತೆ ಎಂದು ಯಾರೋ ಹೇಳಿದರು. ಒಬ್ಬ ಮಹೇಶ್ವರಪ್ಪನವರ ಅಂಗಿ ಹಿಡಿದ. ಅವರು ಬಿಡಿಸಿಕೊಳ್ಳಲೂ ಇಲ್ಲ.

ಒಳಗೆ ವೈದ್ಯರು ತಂದೆ-ತಾಯಿಯನ್ನು ಕೇಳಿದರು: "ಮೊದಲಿಂದ ಏನಾದರೂ ತೊಂದರೆ ಇತ್ತಾ?"

ಬಾಗಿಲಲ್ಲಿ ಮಹೇಶ್ವರಪ್ಪ ನಿಂತಿದ್ದರು. ಅವರ ಹಿಂದೆ ಪೊಲೀಸ್ ಪೇದೆ. ಗೋಡೆಗೆ ಒರಗಿ ಸುಧಾ.

"ಏನೂ ಇರ್ಲಿಲ್ಲ ಸಾರ್," ಎಂದರು ಕಲ್ಲೇಶ್. "ಗಟ್ಟಿಮುಟ್ಟಾಗಿದ್ಲು."

"ಇತ್ತು," ಎಂದರು ಕಲ್ಪನಾ.

"ಏ, ಸುಮ್ನಿರು."

"ಇತ್ತು ಸಾರ್. ಹಾರ್ಟಿಂದು. ಜನವರೀಲಿ ದಾವಣಗೆರೇಲಿ ತೋರಿಸಿದ್ವಿ. ಮೇಷ್ಟ್ರಿಗೆ ಗೊತ್ತಿಲ್ಲ, ನಾವು ಹೇಳಿಲ್ಲ. ದೊಡ್ಡೋಳಿಗೂ ಪರೀಕ್ಷೆ ಮಾಡಿಸ್ರಿ ಅಂದಿದ್ರು, ಮಾಡಿಸಿಲ್ಲ."

ಸುಧಾ ತಾಯಿಯನ್ನು ನೋಡಿದಳು. "ನಂಗಾ?" ಎಂದಳು.

ಮಹೇಶ್ವರಪ್ಪ ಅಲ್ಲೇ ನೆಲಕ್ಕೆ ಕುಳಿತರು. "ಎಂಜಲು ಅಂದ್ರಲ್ಲ ತಾಯಿ," ಎಂದರು. "ಒಂದು ಮಾತು ಹೇಳಿದ್ರೆ ತಾಳ ಕೊಡ್ತಿದ್ನಲ್ಲ."

ಅಂತ್ಯಕ್ರಿಯೆಗೆ ಹೊನ್ನಾಳಿಯಿಂದ ನಿಂಗರಾಜ್ ಒಬ್ಬನೇ ಬಂದ. ಹಿಂದೆ ನಿಂತಿದ್ದು, ಯಾರ ಜೊತೆಗೂ ಮಾತಾಡದೆ ಹೋದ. ಎಂಟನೇ ದಿನ ಅವನ ತಾಯಿ ಕಲ್ಲೇಶ್‌ಗೆ ಫೋನ್ ಮಾಡಿ, ಈ ಸಂಬಂಧ ಬೇಡವೆಂದರು.

ಆಗಸ್ಟ್ ಇಪ್ಪತ್ತೊಂದರ ಗುರುವಾರ ಸುಧಾ ತಾಯಿಯೊಂದಿಗೆ ದಾವಣಗೆರೆಗೆ ಹೋಗಿ ಎಕೋ ಮಾಡಿಸಿಕೊಂಡಳು. ಅವಳ ಹೃದಯದ ಗೋಡೆಯೂ ದಪ್ಪವಾಗಿತ್ತು. ಅಂದಿನಿಂದಲೇ ಮಾತ್ರೆ ಶುರು ಮಾಡಿದರು.